ನಿರ್ಣಾದ ಮೂವತ್ತು ಸೆಕೆಂಡು

ಮೋರಖಂಡಿಯ ಹಳೆಯ ಮೆಟ್ಟಿಲುಬಾವಿಯ ತಳದಲ್ಲಿ ದೇವಿಂದ್ರಪ್ಪ ಬೋರಲಾಗಿ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಬಾವಿ ಬತ್ತಿ ವರ್ಷಗಳಾಗಿದ್ದವು. ತಳದ ಮೂರು ಕಲ್ಲುಗಳನ್ನು ಯಾರೋ ಮೀಟಿ ಎಬ್ಬಿಸಿದ್ದರು. ಪಕ್ಕದಲ್ಲಿ ಹಸಿ ಮಣ್ಣಿನ ಗುಡ್ಡೆ, ಹೋಳು ಮಾಡಿದ ನಿಂಬೆಹಣ್ಣು, ಕುಂಕುಮ.

ನಿಧಿಗಾಗಿ ಅಗೆದವರ ಕೆಲಸ. ಬಸವಕಲ್ಯಾಣದಿಂದ ಬಂದ ಸಬ್ ಇನ್ಸ್‌ಪೆಕ್ಟರ್ ರತ್ನಮಾಲಾಗೆ ಅಷ್ಟು ತಿಳಿಯಿತು. ಮೇಲೆ ನಿಂತ ಊರಿಗೆ ಅದು ಬೇಕಿರಲಿಲ್ಲ. ಅವರಾಗಲೇ ತೀರ್ಪು ಕೊಟ್ಟಾಗಿತ್ತು.

"ಬಾಜೂ ಹೊಲದ ಆಸಿಫ್‌ನ ಹಿಡಕೊಂಡು ಹೋಗ್ರಿ," ಎಂದಳು ದೇವಿಂದ್ರಪ್ಪನ ಹೆಂಡತಿ ಸೋನುಬಾಯಿ. ಅವಳ ಕಣ್ಣು ಒಣಗಿದ್ದವು. "ನಿನ್ನೆ ಸಂಜಿಮುಂದ ದಾರಿ ಸಲುವಾಗಿ ಜಗಳಾ ತೆಗದಿದ್ದ. ನಮ್ಮ ಹೊಲದಾಗ ಟ್ರ್ಯಾಕ್ಟರ್ ಹಾಯಿಸಾಕ ಬಿಡಲಿಲ್ಲಂತ."

"ನಿಮ್ಮವರು ಬಾವಿಗೆ ಯಾವಾಗ ಬಂದರು?"

"ಒಂಬತ್ತಕ್ಕ ಉಂಡು ಎದ್ದರು. ಬಾವ್ಯಾಗ ಬ್ಯಾಟರಿ ಬೆಳಕು ಕಾಣಾಕತ್ತದ, ನೋಡಿ ಬರ್ತೀನಿ ಅಂದರು. ಬರಲಿಲ್ಲ."

"ಬ್ಯಾಟರಿ ಹಿಡದವನು ಆಸಿಫ್ ಅಂತ ಹ್ಯಾಂಗ ಗೊತ್ತು?"

ಸೋನುಬಾಯಿ ಅವಳನ್ನು ದಿಟ್ಟಿಸಿದಳು. "ನೀವು ಯಾರ ಕಡೆಯವರ್ರಿ?"

ಹಿಂದೆ ನಿಂತವರಲ್ಲಿ ಯಾರೋ ಉಗುಳಿದ ಸದ್ದು ಕೇಳಿಸಿತು. ರತ್ನಮಾಲಾ ತಿರುಗಿ ನೋಡಲಿಲ್ಲ.

\*

ಆಸಿಫ್‌ನನ್ನು ಠಾಣೆಗೆ ತಂದದ್ದು ಬಂಧಿಸಲಿಕ್ಕಲ್ಲ, ಉಳಿಸಲಿಕ್ಕೆ. ಅಷ್ಟರಲ್ಲಿ ಅವನ ಟ್ರ್ಯಾಕ್ಟರಿನ ದೀಪಗಳು ಪುಡಿಯಾಗಿದ್ದವು, ಮನೆಯ ಮೇಲೆ ಕಲ್ಲು ಬಿದ್ದಿದ್ದವು.

"ಜಗಳಾಡಿದ್ದು ಖರೆ ಅದರಿ," ಎಂದ ಅವನು. "ಮೈ ಮುಟ್ಟಿಲ್ಲ. ಒಂಬತ್ತಕ್ಕ ಮಲಗೀನಿ. ಅವ್ವನ್ನ ಬಿಟ್ಟರ ನೋಡಿದವರಿಲ್ಲ."

ಮರಣೋತ್ತರ ವರದಿ ಬಂತು. ಸಾವು ರಾತ್ರಿ ಒಂಬತ್ತರಿಂದ ಹನ್ನೊಂದರ ನಡುವೆ. ಪೆಟ್ಟು ಕಬ್ಬಿಣದ ಹಾರೆಯಂಥದ್ದರಿಂದ.

ಮಧ್ಯಾಹ್ನ ದೇವಿಂದ್ರಪ್ಪನ ತಮ್ಮ ಮಚ್ಚೇಂದ್ರ ಬಂದ. ಹುಮನಾಬಾದಿನಲ್ಲಿ ಮೊಬೈಲ್ ಅಂಗಡಿ. ಫೋನಿನಲ್ಲೇ ಇರುಳಿನ ಫೋಟೊ ತೆಗೆಯುವುದರಲ್ಲಿ ಹೆಸರುವಾಸಿ. ಹುಡುಗರಿಗೆ ಕಲಿಸುತ್ತಲೂ ಇದ್ದ.

"ನಾ ನಿನ್ನೆ ರಾತ್ರಿ ಊರಾಗ ಇದ್ದಿಲ್ಲರಿ," ಎಂದು, ಕೇಳುವ ಮುಂಚೆಯೇ ಫೋನ್ ಮುಂದೆ ಹಿಡಿದ. "ನಿರ್ಣಾದ ಹೊಲದಾಗ ಆಕಾಶ ತೆಗಿಯಾಕತ್ತಿದ್ದೆ. ಇಲ್ಲಿಂದ ತಾಸಿನ ದಾರಿ."

ಸುಂದರವಾದ ಚಿತ್ರ. ಕಾಡಿಗೆಯಂಥ ಆಕಾಶದಲ್ಲಿ ಕಿಕ್ಕಿರಿದ ನಕ್ಷತ್ರಗಳು, ಕೆಳಗೆ ಕಪ್ಪಾಗಿ ನಿಂತ ಬೇವಿನ ಮರ. ವಿವರದಲ್ಲಿ ನಿನ್ನೆಯ ತಾರೀಖು, ರಾತ್ರಿ ಒಂಬತ್ತು ನಲವತ್ತೇಳು. ಶಟರ್ ಮೂವತ್ತು ಸೆಕೆಂಡು, ಐಎಸ್‌ಒ ಮೂರು ಸಾವಿರದ ಇನ್ನೂರು.

"ಆಟೊ ಮೋಡ್ ಅಲ್ಲ," ಎಂದಳು ರತ್ನಮಾಲಾ.

"ಪೂರಾ ಮ್ಯಾನ್ಯುವಲ್. ಪೊಲೀಸರಿಗೆ ಇದೆಲ್ಲಾ ತಿಳಿಯಾಂಗಿಲ್ಲ ಬಿಡ್ರಿ. ಆ ಆಸಿಫ್‌ನ ಯಾವಾಗ ಕೋರ್ಟಿಗೆ ಒಯ್ತೀರಿ?"

"ಈ ಫೋಟೊ ನನಗೊಂದು ಕಳಸ್ರಿ," ಎಂದಳಷ್ಟೇ.

\*

ಹೆದ್ದಾರಿಯ ಅಪಘಾತಗಳಿಗೆ ಹೋಗಿ ಹೋಗಿ ಕತ್ತಲಲ್ಲಿ ಫೋಟೊ ತೆಗೆಯುವುದನ್ನು ಅವಳು ತಾನೇ ಕಲಿತಿದ್ದಳು. ಫ್ಲ್ಯಾಶ್ ಹಾಕಿದರೆ ಗಾಜಿನ ಚೂರು ಮಾತ್ರ ಮಿಂಚುತ್ತದೆ, ಟೈರಿನ ಗುರುತು ಮಾಯವಾಗುತ್ತದೆ. ಶಟರ್ ಹೆಚ್ಚು ಹೊತ್ತು ತೆರೆದಿಟ್ಟಷ್ಟೂ, ಐಎಸ್‌ಒ ಏರಿಸಿದಷ್ಟೂ ಬೆಳಕು ತುಂಬಿಕೊಳ್ಳುತ್ತದೆ.

ಅದೇ ಅವಳನ್ನು ಕೊರೆಯತೊಡಗಿತು. ಹತ್ತರ ಹೊತ್ತಿಗೆ ಕ್ವಾರ್ಟರ್ಸಿನ ತಾರಸಿ ಹತ್ತಿ, ಫೋನನ್ನು ಇಟ್ಟಿಗೆಗೆ ಆನಿಸಿ, ಮಚ್ಚೇಂದ್ರನ ಅಂಕಿಗಳನ್ನೇ ಹಾಕಿ ಮೂವತ್ತು ಸೆಕೆಂಡು ಕಾದಳು.

ಪರದೆ ನೋಡಿ ಕ್ಯಾಲೆಂಡರ್ ತೆಗೆಯಲು ಕೆಳಗಿಳಿದಳು.

\*

ಮರುದಿನ ಸೋನುಬಾಯಿಯ ಅಂಗಳದಲ್ಲಿ ಯಾರೂ ಅವಳಿಗೆ ಕುಳಿತುಕೊಳ್ಳಲು ಹೇಳಲಿಲ್ಲ.

"ಮಚ್ಚೇಂದ್ರ, ಮೊನ್ನೆ ರಾತ್ರಿ ನಿರ್ಣಾದಾಗ ಮೋಡ ಇತ್ತೇನು?"

"ಇತ್ತು, ಜರಾ ಜರಾ."

"ಮತ್ತ ಇಷ್ಟು ಚುಕ್ಕಿ ಎಲ್ಲಿಂದ ಬಂದವು?"

ಅವನು ಫೋನ್ ನೋಡಿದ. "ನಾ ತೆಗಿಯೋ ಹೊತ್ತಿಗೆ ಸರದಿತ್ತು. ಆಕಾಶ ಸ್ವಚ್ಛ ಇತ್ತು."

"ಬರೋಬರಿ. ಹಂಗಾದರ ಚಂದ್ರ ಎಲ್ಲಿ ಹೋಗಿದ್ದ?"

ಮಚ್ಚೇಂದ್ರ ಫೋನನ್ನು ಜೇಬಿಗಿಳಿಸಿದ.

"ಮೊನ್ನೆ ಭಾರತ ಹುಣ್ಣಿಮೆಯ ಮರುದಿನ. ಏಳೂವರೆಗೆಲ್ಲಾ ಚಂದ್ರ ಮೇಲೆ ಬಂದಿದ್ದ." ರತ್ನಮಾಲಾ ತನ್ನ ಫೋನನ್ನು ಸೋನುಬಾಯಿಗೆ ಕೊಟ್ಟಳು. "ಇದು ನಾನು ನಿನ್ನೆ ರಾತ್ರಿ ತೆಗದದ್ದು. ಅಂಕಿ ಅವನವೇ."

ಪರದೆ ಬಿಳಿಯ ಸುಣ್ಣದಂತಿತ್ತು. ಗಿಡ, ಗೋಡೆ, ಆಕಾಶ ಒಂದೂ ಗುರುತು ಸಿಗುತ್ತಿರಲಿಲ್ಲ.

"ಬೆಳದಿಂಗಳಾಗ ಮೂವತ್ತು ಸೆಕೆಂಡು ಶಟರ್ ತೆಗದಿಟ್ಟರ ಹಿಂಗಾಗ್ತದ. ಆ ಫೋಟೊ ಅಮಾವಾಸಿ ಸನೇಕದ್ದು. ಗ್ಯಾಲರಿಯೊಳಗ ತಾರೀಖು ಬದಲು ಮಾಡ್ಯಾನ."

"ಅಂವಾ ಯಾಕ ಬದಲು ಮಾಡ್ಯಾನು?" ಸೋನುಬಾಯಿಯ ದನಿ ಇನ್ನೂ ಜಗಳದ್ದೇ.

"ಬಾವಿ ಅಗಿಯೋನು ನಿಮ್ಮವರ ಕೈಗೆ ಸಿಕ್ಕಿಬಿದ್ದಿದ್ದ. ಅಪರಿಚಿತ ಆಗಿದ್ದರ ಓಡಿ ಹೋಗ್ತಿದ್ದ. ಮುಖ ಗುರುತಿದ್ದಾವ ಹೊಡದಾನ."

"ನನ್ನ ಫೋನೇ ಬ್ಯಾರೆ," ಎಂದ ಮಚ್ಚೇಂದ್ರ. "ಅದರಾಗ ಹಿಂಗ ಆಗಾಂಗಿಲ್ಲ."

"ಸರಿ. ಇವತ್ತು ರಾತ್ರಿ ಇಲ್ಲೇ ತೆಗದು ತೋರಸು. ನಾ ಕೂತಿರ್ತೀನಿ."

ಸೋನುಬಾಯಿ ಎದ್ದು ಅವನ ಎದುರು ನಿಂತಳು.

"ತೆಗೀತೀನಿ ಅನ್ನು."

"ವೈನಿ, ಅಣ್ಣಾ ಠಾಣಾಕ್ಕ ಹೋಗ್ತೀನಿ ಅಂದ," ಎಂದ ಮಚ್ಚೇಂದ್ರ ನೆಲ ನೋಡುತ್ತ. "ತಿರುಗಿ ಮೆಟ್ಟಿಲು ಹತ್ತಾಕತ್ತಿದ್ದ."

ಅದೇ ಮನೆಯ ಹಿತ್ತಲಿನ ಜೋಳದ ಕಣಕಿ ಬಣವೆಯೊಳಗೆ ಹಾರೆ ಸಿಕ್ಕಿತು. ತುದಿಯಲ್ಲಿ ರಕ್ತ ಹೆಪ್ಪುಗಟ್ಟಿತ್ತು.

\*

ಸಂಜೆ ಸೋನುಬಾಯಿ ಒಬ್ಬಳೇ ಠಾಣೆಗೆ ಬಂದಳು. ಆಸಿಫ್ ಬೆಂಚಿನ ಮೇಲಿದ್ದ. ಅವನತ್ತ ನೋಡದೆ ಮೇಜಿನ ಮುಂದೆ ನಿಂತಳು.

"ಬರಕೊಳ್ರಿ. ಇವನ ಹೆಸರು ಹೇಳಿದ್ದು ನನ್ನ ತಪ್ಪು." ಹೆಬ್ಬೆಟ್ಟು ಒತ್ತಿ ಹೊರಟಳು.

"ಕಲ್ಲು ಒಗದವರು ಈ ಕಾಗದ ಓದಂಗಿಲ್ಲರಿ ಕಾಕೂ," ಎಂದ ಆಸಿಫ್. "ನಮ್ಮ ಅವ್ವ ಎರಡು ದಿನದಿಂದ ಬಾಗಲಾ ತೆಗದಿಲ್ಲ."

ಸೋನುಬಾಯಿ ಹೊಸ್ತಿಲಿನಿಂದ ತಿರುಗಿ ಬಂದಳು.

"ಮೇಡಂ, ಜೀಪು ತರಸ್ರಿ," ಎಂದಳು. "ಇವನ ಜೋಡಿ ನಾನೂ ಬರ್ತೀನಿ. ಮೊದಲ ಇವರ ಮನಿಗೆ ನಡೀರಿ."