ಕೆರಿಯಮ್ಮನ ಎರಡನೆಯ ಮಗ

ಜುಲೈ ಒಂಬತ್ತು, ಬೆಳಿಗ್ಗೆ ಹತ್ತೂ ಇಪ್ಪತ್ತು. ಗ್ರಾಮ ಲೆಕ್ಕಿಗ ಲಿಖಿತ್ ಹೊಸನಗರ ಠಾಣೆಗೆ ಬಂದು ದೂರು ಕೊಟ್ಟ. ಅವನ ಸಹಿಯಿದ್ದ ವಂಶವೃಕ್ಷವೊಂದನ್ನು ಆಸ್ಪತ್ರೆಯೊಂದು ಪರಿಶೀಲನೆಗೆ ಕಳಿಸಿತ್ತು. ಸಹಿ ಅವನದಲ್ಲ, ಸೀಲೂ ಕಚೇರಿಯದಲ್ಲ.

ಆ ಕಾಗದದ ಪ್ರಕಾರ ದಿವಂಗತ ಕೆರಿಯಮ್ಮನಿಗೆ ಇಬ್ಬರು ಗಂಡುಮಕ್ಕಳು: ಖಾಸಗಿ ಬಸ್ಸಿನ ಡ್ರೈವರ್ ಶಿವರಾಮ, ಅದೇ ಬಸ್ಸಿನ ಕಂಡಕ್ಟರ್ ವೆಂಕಟ್ರಮಣ. ಶಿವರಾಮನಿಗೆ ಲಿವರ್ ಕ್ಯಾನ್ಸರ್ ಬಲಿತಿತ್ತು. ಚಿಕಿತ್ಸೆಯಿಂದ ಗಡ್ಡೆ ತುಸು ಕುಗ್ಗಿದೆ, ಈಗಲೇ ಲಿವರ್ ಕಸಿ ಮಾಡಿದರೆ ಉಳಿಯಬಹುದು ಎಂದಿದ್ದರು ವೈದ್ಯರು. ಹೆಂಡತಿಯದು ಹೊಂದಲಿಲ್ಲ. 'ತಮ್ಮ' ವೆಂಕಟ್ರಮಣನದು ಹೊಂದಿತ್ತು.

ಎಫ್‌ಐಆರ್ ದಾಖಲಾಯಿತು. ಆಸ್ಪತ್ರೆ ಕಸಿಯ ಕಡತವನ್ನು ತಡೆಹಿಡಿಯಿತು.

"ಅಂಗಾಂಗ ಮಾರೋ ದಂಧೆ ಇದು. ಸುಮ್ನೆ ಯಾರ್ರೀ ಲಿವರ್ ಕೊಡ್ತಾರೆ?" ಎಂದರು ಪಿಎಸ್‌ಐ ಕೃಷ್ಣಕುಮಾರ್. ದಲ್ಲಾಳಿ ಸಿಕ್ಕಲಿ ಎಂದು ವೆಂಕಟ್ರಮಣನನ್ನು ಮಾತಾಡಿಸದೆ, ಅವನ ಫೋನ್ ಕರೆಗಳ ಬೆನ್ನು ಹತ್ತಿದರು. ಮೂರು ವಾರ ಹೋಯಿತು. ದಲ್ಲಾಳಿ ಅಂತೊಬ್ಬ ಇದ್ದರಲ್ಲವೇ ಸಿಗುವುದು!

ಜುಲೈ ಮೂವತ್ತೊಂದರಂದು ಅವರು ಕಾನ್‌ಸ್ಟೆಬಲ್ ಅನ್ನಪೂರ್ಣೇಶ್ವರಿಯೊಂದಿಗೆ ಶಿವರಾಮನ ಮನೆಗೆ ಹೋದರು. ಅವನ ಹೆಂಡತಿ ಭವ್ಯಾ ಬಾಗಿಲು ತೆಗೆದಳು. ಕೆರಿಯಮ್ಮನ ಫೋಟೋ ಹಿಂದೆ ಆಕೆಯ ಉತ್ತರಕ್ರಿಯೆಯ ಕಾರ್ಡು ಸಿಕ್ಕಿಸಿತ್ತು. ದುಃಖತಪ್ತರ ಸಾಲಿನಲ್ಲಿ ಮಗನೆಂದು ಇದ್ದದ್ದು ಶಿವರಾಮನ ಹೆಸರೊಂದೇ.

"ವೆಂಕಟ್ರಮಣ ನಿಮ್ಮತ್ತೆ ಮಗ ಅಲ್ಲ?"

"ಹೆತ್ತ ಮಗ ಅಲ್ಲ ಸಾರ್," ಎಂದು ಭವ್ಯಾ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಉತ್ತರಕ್ರಿಯೆಯ ದಿನದ್ದು. ಶಿವರಾಮನ ಪಕ್ಕದಲ್ಲಿ ವೆಂಕಟ್ರಮಣ. ಇಬ್ಬರ ತಲೆಯೂ ನುಣ್ಣಗೆ ಬೋಳು. "ವೆಂಕಟ್ರಮಣ ಅವ್ರಿಗೆ ಯಾರೂ ಹೇಳ್ಲಿಲ್ಲ. ತಾವಾಗೇ ಬೋಳಿಸ್ಕಂಡು ಬಂದ್ರು."

ಕೃಷ್ಣಕುಮಾರ್ ಕಾರ್ಡನ್ನು ವಶಪಡಿಸಿಕೊಂಡರು. ಚಿತ್ರ ಕೇಸಿಗೆ ಬೇಕಿರಲಿಲ್ಲ.

ಮರುದಿನ ಸಂಜೆ ನಾಲ್ಕೂವರೆಗೆ ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ವೆಂಕಟ್ರಮಣನ ಬಂಧನವಾಯಿತು. ಸಾಗರ ಪೇಟೆಯಲ್ಲಿ ಮಾಡಿಸಿದ್ದ ನಕಲಿ ಸೀಲು ಟಿಕೆಟ್ ಚೀಲದಲ್ಲೇ ಇತ್ತು. ಪಂಚರ ಸಮ್ಮುಖದಲ್ಲಿ ಪಂಚನಾಮೆ ಮುಗಿಸಿ ಹೊಸನಗರಕ್ಕೆ ಕರೆತಂದರು.

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಸಾರ್. ಪೇಷಂಟಿಗೆ ಏನಾಗ್ಬೇಕು ಅಂತ ಆಸ್ಪತ್ರೇಲಿ ಕೇಳಿದ್ರು. ಬಸ್ಸಲ್ಲಿ ಹೇಳೋ ಹಾಗೇ ತಮ್ಮ ಅಂದೆ. ಹಂಗಾದ್ರೆ ವಂಶವೃಕ್ಷ ತನ್ನಿ ಅಂದ್ರು. ಅಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ."

"ಸ್ನೇಹಿತ ಅಂದಿದ್ರೂ ಆಗ್ತಿತ್ತಲ್ಲಯ್ಯಾ! ನೆಂಟಸ್ತಿಕೆ ಇಲ್ದಿದ್ರೂ ಪ್ರೀತಿಗೆ ಕೊಡಬಹುದು. ಸಮಿತಿ ವಿಚಾರಿಸಿ ಒಪ್ಪಿಗೆ ಕೊಡುತ್ತೆ. ಕಾನೂನಲ್ಲೇ ಇದೆ."

"ಪ್ರೀತಿ ಅಂತ ಯಾವ ಬಾಯಲ್ಲಿ ಹೇಳ್ಲಿ ಸಾರ್?" ಎಂದ ವೆಂಕಟ್ರಮಣ.

"ಆರು ವರ್ಷದ ಹಿಂದೆ ಅವ್ನಿಗೆ ಕಾಮಾಲೆ ಆಗಿತ್ತು ಸಾರ್. ದೊಡ್ಡಾಸ್ಪತ್ರೆಗೆ ಹೋಗ್ತೀನಿ ಅಂದ. ಮದುವೆ ಸೀಸನ್ನು, ಬಸ್ ನಿಲ್ಲಬಾರ್ದು ಅಂತ ನಾನೇ ನಾಟಿ ಔಷಧಿ ಕುಡ್ಸಿದೆ. ಅವತ್ತೇ ರಕ್ತ ಪರೀಕ್ಷೆ ಮಾಡ್ಸಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ ಅಂದ್ರು ಡಾಕ್ಟ್ರು. ಹಾಳಾದವ್ನು ನಾನು."

ಕೃಷ್ಣಕುಮಾರ್ ಹೊರಗೆ ಬಂದು ಭವ್ಯಾಳಿಂದ ಆ ಚಿತ್ರ ತರಿಸಿಕೊಂಡರು. ತಾವೇ ಆಸ್ಪತ್ರೆಗೆ ಫೋನ್ ಮಾಡಿದರು. ಪ್ರೀತಿಗೇ ಕೊಡುತ್ತಿದ್ದಾನೆ, ಸಾಕ್ಷಿ ಇದೆ, ಕಡತ ಮತ್ತೆ ತೆರೆಯಿರಿ ಎಂದರು.

ನಿನ್ನೆಯ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಲಿವರಿನ ರಕ್ತನಾಳಕ್ಕೆ ಹೊಕ್ಕಿದೆ, ಇನ್ನು ಕಸಿ ಮಾಡಿ ಪ್ರಯೋಜನವಿಲ್ಲ ಎಂದರು ವೈದ್ಯರು.

ಕಡತ ತಡೆದು ಇಪ್ಪತ್ತಮೂರು ದಿನ. ಕೃಷ್ಣಕುಮಾರ್‌ಗೆ ತಮ್ಮ ಮೇಲೆ ತಮಗೇ ಅಸಹ್ಯ ಹುಟ್ಟಿತು. ಕೇಸ್ ಡೈರಿ ತೆರೆದು ಬರೆದರು: ಆರೋಪಿ ಕೆರಿಯಮ್ಮನ ಮಗನಲ್ಲವೆಂದು ದಾಖಲೆಯಿಂದ ದೃಢಪಟ್ಟಿದೆ.

"ಫೋಟೋನೂ ಸೇರಿಸ್ಲಾ ಸಾರ್?" ಅನ್ನಪೂರ್ಣೇಶ್ವರಿ ಕೇಳಿದಳು.

"ಸೇರಿಸಮ್ಮ."

ಲಾಕಪ್ಪಿನಿಂದ ವೆಂಕಟ್ರಮಣ ಕರೆದ. "ಸಾರ್, ಎಲೆಅಡಿಕೆ ಬಿಟ್ಟು ಎರಡು ತಿಂಗಳಾಯ್ತು. ಮೈ ಸರಿಯಾಗಿದೆ. ಆಪರೇಷನ್ನಿಗೆ ಮುಂಚೆ ಬೇಲ್ ಸಿಗುತ್ತಾ?"