ಸಿಪಿಯು ತಲೆಯ ಮೇಲಿನ ಹಸಿರು ಪೊಟ್ಟಣ

ಎಪ್ಪತ್ತೊಂದು ಪರ್ಸೆಂಟ್‌ಗೆ ಬರುತ್ತಲೇ ಪರದೆ ಕಪ್ಪಾಯಿತು. ಮೇಜಿನ ಪಕ್ಕದ ಸ್ಟೂಲಿನ ಮೇಲಿದ್ದ ಸಿಪಿಯು ‘ಟಿಕ್’ ಎಂದಿತು. ಒಂದು ಕ್ಷಣ ಸುಮ್ಮನಿದ್ದು, ಏನೂ ಆಗೇ ಇಲ್ಲವೆನ್ನುವಂತೆ ಮತ್ತೆ ತಾನೇ ಆನ್ ಆಯಿತು.

“ಅಜ್ಜೀ, ಮತ್ತೆ ರೀಸ್ಟಾರ್ಟ್ ಆಯ್ತು,” ಎಂದಳು ಯುನ್‌ಶಿ.

ಇದು ನಾಲ್ಕನೇ ಸಲ. ಭಾನುವಾರ ಮಧ್ಯಾಹ್ನ ಮೂರು ಗಂಟೆಯಾಗಿತ್ತು. ಆರು ಗಂಟೆಯೊಳಗೆ ಫಿಲ್ಮ್ ಲಿಯಾವ್ ಟೀಚರ್‌ಗೆ ತಲುಪಬೇಕು. ತಲುಪಿದರೆ ಮಾತ್ರ ನಾಳೆ ಸ್ಕೂಲಿನ ಹಾಲ್‌ನಲ್ಲಿ ತೋರಿಸುತ್ತಾರೆ.

ಫಿಲ್ಮ್ ಇರುವುದು ಬರೀ ಎರಡು ನಿಮಿಷ. ಜೇಡಿಮಣ್ಣಿನ ಬಸವನಹುಳುವೊಂದು ರಸ್ತೆ ದಾಟಿ ಸ್ಕೂಲಿಗೆ ಹೋಗುತ್ತದೆ, ಅಷ್ಟೇ. ಆದರೆ ಅದನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು ಫೋಟೋ, ಹೀಗೆ ಒಂಬೈನೂರು ಫೋಟೋ ತೆಗೆಯಲು ಯುನ್‌ಶಿಗೆ ಎರಡು ತಿಂಗಳು ಹಿಡಿದಿತ್ತು. ಬಸವನಹುಳುವಿನ ದನಿ ಅಜ್ಜಿಯದು. ತಮ್ಮೂರು ತೈನಾನ್‌ನ ಬೆಳಗಿನ ಸಂತೆಯಲ್ಲಿ ಅಜ್ಜಿ ಇದನ್ನು ಮೀನಿನವಳಿಗೆ ಹೇಳಿದ್ದರು, ಸೀಬೆಹಣ್ಣಿನವನಿಗೆ ಹೇಳಿದ್ದರು, ಗ್ಯಾಸ್ ಮೀಟರ್ ನೋಡಲು ಬಂದವನನ್ನೂ ಬಿಟ್ಟಿರಲಿಲ್ಲ.

ಒಂಬತ್ತನೇ ಕ್ಲಾಸಿನ ಅಣ್ಣ ಬೊಹಾನ್ ಸೋಫಾದಿಂದ ಎದ್ದು ಬಂದ. ವೈರು ಬಿಚ್ಚಿ ಬಿಗಿಯಾಗಿ ಹಾಕಿದ. ಬೇರೆ ಪ್ಲಗ್ಗಿಗೆ ಬದಲಿಸಿದ. ವೈರಸ್ ಇದೆಯಾ ಎಂದು ಹುಡುಕಿಸಿದ, ಇರಲಿಲ್ಲ. ವಿಚಿತ್ರವೆಂದರೆ, ಒಂದೊಂದೇ ಫೋಟೋ ನೋಡಿದರೆ, ಏನಾದರೂ ಟೈಪ್ ಮಾಡಿದರೆ ಕಂಪ್ಯೂಟರ್ ತಣ್ಣಗೆ ಕೆಲಸ ಮಾಡುತ್ತಿತ್ತು. ಎಲ್ಲ ಫೋಟೋ ಸೇರಿಸಿ ಫಿಲ್ಮ್ ಮಾಡು ಎಂದಾಗ ಮಾತ್ರ ಕೈ ಕೊಡುತ್ತಿತ್ತು.

ಐದನೇ ಸಲ ಅರವತ್ತನಾಲ್ಕಕ್ಕೇ ನಿಂತಿತು.

“ಡಾಕ್ಟರ್ ಬಂದ್ಮೇಲೆ ರೋಗ ಜಾಸ್ತಿ ಆಯ್ತು,” ಎಂದಳು ಯುನ್‌ಶಿ.

“ಹೋಗೇ, ಫೀಸೂ ಕೊಡದೆ ಮಾತು ಬೇರೆ,” ಎಂದ ಬೊಹಾನ್.

ಅಜ್ಜಿ ಕನ್ನಡಕ ಹಾಕಿಕೊಂಡು ಬಂದರು. ಅವರು ವೈರು ನೋಡಲಿಲ್ಲ, ಪರದೆಯನ್ನೂ ನೋಡಲಿಲ್ಲ. ಸಿಪಿಯು ಮೇಲಿದ್ದ ಹಸಿರು ಪೊಟ್ಟಣವನ್ನು ಎತ್ತಿ ನೋಡಿದರು. ಒಳಗೆ ತೆಂಗಿನಕಾಯಿ ರುಚಿಯ ಜೋಳದ ಕುರುಕಲು. ಅದನ್ನು ಯಂತ್ರದ ಮೇಲಿಟ್ಟರೆ ಯಂತ್ರ ಜಾಣಮರಿಯ ಹಾಗೆ ಇರುತ್ತದೆ ಎಂದು ಆ ಊರಿನವರ ನಂಬಿಕೆ. ಪೊಟ್ಟಣ ಹಸಿರೇ ಆಗಿರಬೇಕು. ಯಾರೂ ತಿನ್ನಬಾರದು. ತಾರೀಖು ಮೀರಿರಬಾರದು.

“ಅಯ್ಯೋ ಪಾಪ, ತಾರೀಖು ಮುಗಿದು ಹತ್ತು ದಿನ ಆಯ್ತಲ್ಲ. ಅದಕ್ಕೇ ಹಠ ಮಾಡ್ತಿದೆ,” ಎಂದರು ಅಜ್ಜಿ.

ಚಪ್ಪಲಿ ಮೆಟ್ಟಿ ಮೂಲೆಯಂಗಡಿಗೆ ಹೋದವರು ಒಂದಲ್ಲ, ಮೂರು ಹೊಸ ಪೊಟ್ಟಣ ತಂದರು. ಸಿಪಿಯು ಮೇಲೆ ಸಾಲಾಗಿ ಮಲಗಿಸಿ, ಮಗುವಿಗೆ ತಟ್ಟುವ ಹಾಗೆ ಒಂದೊಂದನ್ನೂ ತಟ್ಟಿದರು. ಸಿಪಿಯು ತಲೆಯ ಮೇಲಿನ ಜಾಲರಿ ಪೂರ್ತಿ ಮುಚ್ಚಿಹೋಯಿತು.

ಈ ಸಲ ಮೂವತ್ತೆಂಟಕ್ಕೇ ಪರದೆ ಕಪ್ಪಾಯಿತು.

ಇನ್ನೂ ಎರಡು ತರಲೇ ಎಂದು ಅಜ್ಜಿ ನಿಜವಾಗಿಯೂ ಕೇಳಿದರು. ಬೊಹಾನ್ ನಗು ತಡೆಯಲಾರದೆ ಸೋಫಾದ ದಿಂಬಿನಲ್ಲಿ ಮುಖ ಮುಚ್ಚಿಕೊಂಡ.

ಗಂಟೆ ನಾಲ್ಕೂವರೆ. ಅಳು ಬಂದರೆ ಅಣ್ಣ ನೋಡುತ್ತಾನೆಂದು ಯುನ್‌ಶಿ ಅಡುಗೆಮನೆಗೆ ಹೋದಳು. ಅಜ್ಜಿಯೂ ಹಿಂದೆಯೇ ಬಂದು ಒಲೆಯ ಉರಿ ಸಣ್ಣ ಮಾಡಿದರು. ಪಾತ್ರೆಯೊಳಗಿನ ಬಟ್ಟಲಲ್ಲಿ, ನೀರು ಬೆರೆಸಿ ಕದಡಿದ ಮೊಟ್ಟೆ ಹಬೆಯಲ್ಲಿ ಬೇಯುತ್ತಿತ್ತು. ಮುಚ್ಚಳದ ಅಂಚಿಗೆ ಊಟಕ್ಕೆ ಬಳಸುವ ಒಂದು ಚಾಪ್‌ಸ್ಟಿಕ್ ಕಡ್ಡಿ ಸಿಕ್ಕಿಕೊಂಡಿತ್ತು. ಯುನ್‌ಶಿ ಅದನ್ನು ಎಳೆಯಲು ಹೋದಳು.

“ತೆಗೀಬೇಡ ಪುಟ್ಟಿ, ನಾನೇ ಇಟ್ಟಿದ್ದು. ಹಬೆ ಹೊರಗೆ ಹೋಗೋಕೆ ದಾರಿ ಬೇಡ್ವಾ? ಪೂರ್ತಿ ಮುಚ್ಚಿದ್ರೆ ಒಳಗೆ ಬಿಸಿ ಜಾಸ್ತಿ ಆಗಿ ಮೊಟ್ಟೆಯೆಲ್ಲ ತೂತು ತೂತಾಗುತ್ತೆ.”

ಕಡ್ಡಿಯ ಸಂದಿನಿಂದ ತೆಳ್ಳಗೆ ಹಬೆ ಮೇಲೇಳುತ್ತಿತ್ತು. ಯುನ್‌ಶಿ ಅದನ್ನೇ ನೋಡುತ್ತ ನಿಂತಳು. ಆಮೇಲೆ ಓಡಿದಳು.

ಪೊಟ್ಟಣಗಳ ಅಡಿಗೆ ಕೈ ತೂರಿಸಿದಳು. ಆಗಷ್ಟೇ ಹಬೆಯ ಬುಟ್ಟಿಯಿಂದ ತೆಗೆದ ಬನ್ನಿನ ಹೊಟ್ಟೆಯ ಹಾಗೆ ಮೂರೂ ಬೆಚ್ಚಗಿದ್ದವು.

ಹಾಗಾದರೆ ತಪ್ಪು ಮಾಡುತ್ತಿದ್ದದ್ದು ಇವೇ. ಆದರೆ ಅಜ್ಜಿ ಬಿಸಿಲಲ್ಲಿ ಹೋಗಿ ತಂದದ್ದಲ್ಲವೇ? ಬೊಹಾನ್ ಆಗಲೇ ತಿನ್ನಲು ಕೈ ಚಾಚಿದ್ದ. ಯುನ್‌ಶಿ ಅವನ ಕೈಗೆ ಒಂದೇಟು ಕೊಟ್ಟಳು. ಪೊಟ್ಟಣಗಳನ್ನು ಒಂದೊಂದಾಗಿ ಇಳಿಸಿ ಮೇಜಿನ ಮೇಲೆ ಪರದೆಯ ಎದುರಿಗೆ ಸಾಲಾಗಿ ನಿಲ್ಲಿಸಿದಳು. ಜಾಲರಿಯಿಂದ ಬಿಸಿಗಾಳಿ ಭುಸ್ಸೆಂದು ಅವಳ ಮುಖಕ್ಕೆ ಬಂತು.

ಬೊಹಾನ್ ಕಂಪ್ಯೂಟರ್ ಆಫ್ ಮಾಡಿ, ಹತ್ತು ನಿಮಿಷ ಆರಲಿ ಎಂದ. ತನ್ನ ರೂಮಿನ ಟೇಬಲ್ ಫ್ಯಾನನ್ನೂ ತಂದಿಟ್ಟ. ಆಮೇಲೆ ಯುನ್‌ಶಿ ಬಟನ್ ಒತ್ತಿದಳು.

ಮೂವತ್ತೆಂಟು ದಾಟಿತು. ಅರವತ್ತನಾಲ್ಕು ದಾಟಿತು. ಎಪ್ಪತ್ತೊಂದಕ್ಕೆ ಬಂತು. ಬೊಹಾನ್ ಮೊಬೈಲ್ ನೋಡುತ್ತಿರುವ ಹಾಗೆ ನಟಿಸುತ್ತಿದ್ದ, ಆದರೆ ಅವನ ಹೆಬ್ಬೆರಳು ಅಲ್ಲಾಡುತ್ತಿರಲಿಲ್ಲ. ಎಪ್ಪತ್ತೆರಡು.

ನೂರಾದ ಮೇಲೆ ಫಿಲ್ಮ್ ತಾನೇ ಶುರುವಾಯಿತು. ಪರದೆಯಿಂದ ಅಜ್ಜಿಯ ದನಿ ಕೇಳಿಸಿತು: “ಬೆಲ್ ಹೊಡೀಬೇಡ್ರಪ್ಪಾ, ಇನ್ನೂ ಒಂದು ಕೊಂಬು ಮಾತ್ರ ಗೇಟಿನ ಒಳಗೆ ಬಂದಿದೆ.”

ಐದೂಕಾಲಿಗೆ ಫಿಲ್ಮ್ ಟೀಚರ್‌ಗೆ ತಲುಪಿತು.

ಅಜ್ಜಿ ಮೊಟ್ಟೆಯ ಬಟ್ಟಲು ಹಿಡಿದು ಬಂದರು. “ನೋಡಿದ್ಯಾ? ಮೂರು ತಂದಿದ್ದಕ್ಕೇ ಕೆಲಸ ಆಯ್ತು.”

ಬೊಹಾನ್ ಬಾಯಿ ತೆರೆದ. ಯುನ್‌ಶಿ ಮೇಜಿನಡಿಯಲ್ಲಿ ಅವನ ಕಾಲು ತುಳಿದು, ಹೌದೆಂದು ತಲೆಯಾಡಿಸಿದಳು.

“ಕೆಳಗ್ಯಾಕೆ ಇಳಿಸಿದೆ ಇವನ್ನ?”

“ಮೇಲಿದ್ರೆ ಅವಕ್ಕೆ ಸ್ಕ್ರೀನ್ ಕಾಣಲ್ಲ ಅಜ್ಜಿ. ಅವೂ ಫಿಲ್ಮ್ ನೋಡ್ಲಿ ಅಂತ.”

ಅಜ್ಜಿ “ಹೂಂ” ಎಂದರು. ಪೊಟ್ಟಣಗಳನ್ನು ನೋಡಿದರು, ತಿರುಗುತ್ತಿದ್ದ ಫ್ಯಾನ್ ನೋಡಿದರು.

ಮರುದಿನ ಕೊಂಬಿನ ಮಾತಿಗೆ ಇಡೀ ಹಾಲ್ ನಕ್ಕಿತು. ಎರಡನೇ ಸಾಲಿನಲ್ಲಿ ಮೀನಿನವಳನ್ನು ಪಕ್ಕಕ್ಕೆ ಕೂರಿಸಿಕೊಂಡಿದ್ದ ಅಜ್ಜಿ, ಆ ದನಿ ಬೇರೆ ಯಾರದೋ ಎನ್ನುವಂತೆ ಗಂಭೀರವಾಗಿ ಕುಳಿತಿದ್ದರು.

ಸಂಜೆ ಮನೆಗೆ ಬಂದ ಯುನ್‌ಶಿ ಬ್ಯಾಗ್ ಇಳಿಸುತ್ತ ಹಾಗೇ ನಿಂತಳು. ಇಂಟರ್ನೆಟ್ ಡಬ್ಬಿಯ ಮೇಲೆ ಯಾವಾಗಲೂ ಮಲಗಿರುತ್ತಿದ್ದ ಹಸಿರು ಪೊಟ್ಟಣ ಈಗ ಅದರ ಪಕ್ಕದಲ್ಲಿ ಗೋಡೆಗೊರಗಿ ನಿಂತಿತ್ತು. ಟಿವಿಯ ಕೆಳಗಿನ ಡಬ್ಬಿಯ ಮೇಲಿದ್ದದ್ದೂ ಅಷ್ಟೇ.

ಅವಳು ಅಡುಗೆಮನೆಗೆ ಹೋದಳು. ಅಜ್ಜಿ ಒಲೆಯ ಮುಂದಿದ್ದರು. ಯುನ್‌ಶಿ ಪಕ್ಕದಲ್ಲಿ ನಿಂತು ಪಾತ್ರೆಗೆ ಮುಚ್ಚಳ ಮುಚ್ಚಿದಳು.

ಅಜ್ಜಿ ಅವಳತ್ತ ತಿರುಗದೆಯೇ, ಒಂದು ಕಡ್ಡಿ ಚಾಚಿದರು.