ಹೇಳನು

“ನಾನೂರ ಹನ್ನೆರಡನೇ ಪುಟ ಎಲ್ಲಿ?”

ಬಾಗಿಲಲ್ಲಿ ಅವನು ನಿಂತಿದ್ದ. ಅವಳು ಬೀಗದ ಕೈಯನ್ನು ಮುಷ್ಟಿಯೊಳಗೆ ಅಡಗಿಸಿದಳು.

ದಾಖಲೆಗಳ ಕೋಣೆಯಲ್ಲಿ ಹಳೆಯ ಪೊಲೀಸ್ ಕಡತಗಳನ್ನು ಸ್ಕ್ಯಾನ್ ಮಾಡುವುದು ಅವಳ ಕೆಲಸ. ಆ ಕೈಬರಹವನ್ನು ಕಂಪ್ಯೂಟರ್ ಓದಿ ಅಚ್ಚಕ್ಷರಕ್ಕೆ ಇಳಿಸುತ್ತದೆ. ಅದು ಸರಿಯೇ ಎಂದು ನೋಡಿ, ಆ ಕಡತಗಳಿಂದ ಸ್ವಾತಂತ್ರ್ಯ ಹೋರಾಟದ ಪುಸ್ತಕ ಬರೆಯುತ್ತಿರುವವನು ಇವನು. ಯಾವ ಸಾಲನ್ನೂ ಸುಮ್ಮನೆ ನಂಬದ ಇವನಿಗೆ ಕಚೇರಿಯಲ್ಲಿ ಅನುಮಾನದ ಮೇಷ್ಟ್ರು ಎಂದೇ ಹೆಸರು. ಆರು ತಿಂಗಳಿಂದ ಆ ಮೇಷ್ಟ್ರ ಮೇಲೆ ಅವಳು ಜೀವವನ್ನೇ ಇಟ್ಟುಕೊಂಡಿದ್ದಳು.

ಬೆಳಿಗ್ಗೆ ಆ ಪುಟ ಬಂದಿತ್ತು. ಅದರಲ್ಲಿ ಸೆರೆಸಿಕ್ಕವನು ಅವಳ ಮುತ್ತಜ್ಜ. ಪರದೆಯ ಮೇಲೆ ಸ್ಪಷ್ಟವಾಗಿತ್ತು: ‘ವಿಚಾರಣೆ ಮಾಡಲಾಗಿ ಸಂಗಡಿಗರ ಹೆಸರು ಹೇಳಿದನು.’

ಮರುವಾರವೇ ನೇಣಿಗೇರಿದ ಸಂಗಡಿಗ... ಇವನ ಮುತ್ತಜ್ಜ!

‘ಇದನ್ನು ಓದಿದರೆ ಇವನು ಮತ್ತೆ ನನ್ನ ಮುಖ ನೋಡುವುದಿಲ್ಲ...’ ಅವಳು ಪುಟವನ್ನು ಡ್ರಾಯರಿಗೆ ತಳ್ಳಿ ಬೀಗ ಹಾಕಿದ್ದಳು.

“ಕಳೆದುಹೋಗಿರಬೇಕು...” ಎಂದಳು.

“ನಿಮ್ಮ ಕೈಯಲ್ಲಿ ಪುಟ ಕಳೆಯೋದಾ?” ಅವನ ದನಿ ಗಡುಸಾಯಿತು. “ಬೇರೆಯವರಿಗೆ ಕೊಟ್ಟುಬಿಟ್ರಾ?”

“ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ!”

ಅವಳ ಕಣ್ಣು ತುಂಬಿತು. ಡ್ರಾಯರ್ ತೆರೆದು ಪುಟ ಕೊಟ್ಟಳು, ಪರದೆಯನ್ನೂ ಅವನತ್ತ ತಿರುಗಿಸಿದಳು.

ಅವನು ಪರದೆಯ ಸಾಲು ಓದಿ, ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದು ನಿಮಿಷ... ಎರಡು...

“ಇಲ್ಲಿ ‘ದ’ ಎಲ್ಲಿದೆ?”

“ಏನು?”

“ಕೈಬರಹದಲ್ಲಿರೋದು ‘ಹೇಳನು’. ಹೇಳೋದಿಲ್ಲ ಅಂತ ಅರ್ಥ! ಹಳೇ ಮಾತು ಕಂಪ್ಯೂಟರಿಗೆ ಗೊತ್ತಿಲ್ಲ, ತಪ್ಪು ಅಂದ್ಕೊಂಡು ತಿದ್ದಿಬಿಟ್ಟಿದೆ. ನೀವು ಮೂಲ ನೋಡ್ಲೇ ಇಲ್ವಾ?”

ಹೆದರಿಕೆಯಲ್ಲಿ ಅವಳು ಪರದೆ ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

“ಪೊಲೀಸರು ಬರೆದದ್ದಲ್ವಾ... ನಂಬಬಹುದಾ?”

“ಹಿಡಿದವರೇ ನಿಮ್ಮ ಮುತ್ತಜ್ಜ ಬಾಯಿ ಬಿಡಲಿಲ್ಲ ಅಂತ ಬರ್ಕೊಂಡಿದ್ದಾರೆ. ತಮ್ಮ ಸೋಲನ್ನ ಯಾರು ಸುಮ್ಮನೆ ಬರೀತಾರೆ? ಆದ್ರೆ ಇದು ಆ ಒಂದು ದಿನದ ಮಾತು. ಮಾರನೇ ದಿನ ಏನಾಯ್ತೋ, ಗೊತ್ತಿಲ್ಲ.”

ಅವಳು ಮತ್ತೆ ಆ ಪುಟದತ್ತ ನೋಡಿದಳು.

“ಮಾರನೇ ದಿನ ಹೇಳಿದ್ರೆ...?”

“ಹೇಳಿದ್ದು ಸಿಕ್ಕಿದ್ರೆ ಪುಸ್ತಕದಲ್ಲಿ ಬರೀತೀನಿ.” ಅವನು ಮೊದಲ ಬಾರಿ ಅವಳ ಕೈ ಹಿಡಿದ. “ಬರೆದು ಮುಗಿಸಿ, ನಿಮ್ಮಮ್ಮನ ಹತ್ರ ಬಂದು ಹೆಣ್ಣು ಕೇಳ್ತೀನಿ.”

ಅವಳು ಅತ್ತಳು, ನಕ್ಕಳು, ಕೈ ಮಾತ್ರ ಬಿಡಲಿಲ್ಲ.

“ಪುಸ್ತಕ ಮುಗಿಯೋವರೆಗೂ ಕಾಯ್ಬೇಕಾ...?”

“ನಾಳೆನೇ ಬರ್ಲಾ?”

“ಬನ್ನಿ.”